ಯಾವುದು ಮೊದಲು ಮುರಿಯಬೇಕು: ಮನೆಯಲ್ಲೇ ಡ್ರೋನ್ ಭಾಗಗಳ ತಯಾರಿ

ಎಲ್ಲರಿಗೂ ನಮಸ್ಕಾರ.

ಹಣ ಉಳಿಸುವ ಆಸೆಯಿಂದ ಬಂದವರಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಉಳಿಯುವುದಿಲ್ಲ. ಐದು ಇಂಚಿನ ಪ್ರೊಪೆಲ್ಲರ್‌ಗಳ ಕ್ವಾಡ್‌ಕಾಪ್ಟರ್‌ಗೆ, ಅಂದರೆ ನಾಲ್ಕು ಮೋಟಾರ್‌ಗಳ ಡ್ರೋನ್‌ಗೆ, ಸಿದ್ಧ ಫ್ರೇಮ್‌ಗಳು (ಮೈಯ ಚೌಕಟ್ಟುಗಳು) ಬೇಕಾದಷ್ಟು ಸಿಗುತ್ತವೆ. ಯಂತ್ರ, ಅದರ ಕೊರೆಯುವ ಮೊನೆಗಳಾದ ಬಿಟ್‌ಗಳು ಮುರಿದದ್ದು, ಹಾಳಾದ ಕಾರ್ಬನ್ ಫೈಬರ್ ಪ್ಲೇಟು ಎಲ್ಲವನ್ನೂ ಕೂಡಿಸಿದರೆ ಅಂಗಡಿಯ ಫ್ರೇಮೇ ಅಗ್ಗ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿದಾಗಲೂ ಬಿಡಿಭಾಗಗಳಿಗೆ ಅಡ್ಡಿ ಬರಲಿಲ್ಲ. ಆದ್ದರಿಂದ ಕೊರತೆಯ ಕಾರಣವನ್ನೂ ಮುಂದಿಡಲಾರೆ.

ಹಾಗಾದರೆ ಮನೆಯಲ್ಲಿ ಮಾಡುವುದೇಕೆ? ನನ್ನ ಉತ್ತರ ಸ್ವಲ್ಪ ವಿಚಿತ್ರವಾಗಿ ಕೇಳಿಸಬಹುದು. ಡ್ರೋನ್ ಬೀಳುವುದು ಖಚಿತ. ಬಿದ್ದಾಗ ಯಾವುದು ಮುರಿಯಬೇಕು ಎಂಬುದನ್ನು ನಾವೇ ತೀರ್ಮಾನಿಸಬಹುದು, ಅದಕ್ಕಾಗಿ. ಪ್ರೊಪೆಲ್ಲರ್ ಹೋದರೆ ಬೇಸರವಿಲ್ಲ. ಮೋಟಾರ್ ಹೊತ್ತ ತೋಳು ಮುರಿದರೆ ಒಂದು ಸಂಜೆಯ ಕೆಲಸ. ಮೋಟಾರ್ ಹೋದರೆ ಜೇಬಿಗೆ ಕತ್ತರಿ, ಹಾರಾಟವನ್ನು ನಿಯಂತ್ರಿಸುವ ಸರ್ಕ್ಯೂಟ್ ಬೋರ್ಡಾದ ಫ್ಲೈಟ್ ಕಂಟ್ರೋಲರ್ ಹೋದರೆ ತಿಂಗಳ ಹವ್ಯಾಸವೇ ನಿಂತಿತು. ನೆಲಕ್ಕೆ ಬಡಿದ ಪೆಟ್ಟು ಎಲ್ಲಿಯಾದರೂ ಹೋಗಲೇಬೇಕಲ್ಲ, ಅಗ್ಗದ ಭಾಗಕ್ಕೆ ಮೊದಲು ಹೋಗಲಿ. ಸಿದ್ಧ ಫ್ರೇಮ್ ಮಾಡುವವರಿಗೆ ನಮ್ಮ ಬ್ಯಾಟರಿಯ ತೂಕವಾಗಲಿ ನಾವು ಹಾರಿಸುವ ಬಯಲಾಗಲಿ ಗೊತ್ತಿರುವುದಿಲ್ಲ.

ಇಲ್ಲಿ ಒಂದು ಲೆಕ್ಕ ಮುಖ್ಯ. ತೋಳಿನ ದಪ್ಪವನ್ನು 4 ಮಿಲಿಮೀಟರ್‌ನಿಂದ 5ಕ್ಕೆ ಏರಿಸಿದರೆ ತೂಕ ಕಾಲು ಭಾಗ ಹೆಚ್ಚುತ್ತದೆ. ಬಾಗುವಿಕೆಗೆ ಒಡ್ಡುವ ಬಿಗುಪು ಮಾತ್ರ ದಪ್ಪದ ಘನಕ್ಕೆ ಅನುಗುಣವಾಗಿ ಬೆಳೆಯುವುದರಿಂದ 64ಕ್ಕೆ 125, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬಗ್ಗದ ತೋಳು ಪೆಟ್ಟನ್ನು ಮೋಟಾರ್‌ಗೂ ನಡುವಿನ ಪ್ಲೇಟಿಗೂ ದಾಟಿಸುತ್ತದೆ. ತೋಳನ್ನು ಉಳಿಸಿಕೊಂಡು ಮೋಟಾರ್ ಕಳೆದುಕೊಂಡವರು ಈ ಸಭೆಯಲ್ಲೂ ಇರಬಹುದು.

ದಪ್ಪಕ್ಕಿಂತ ಹೆಚ್ಚು ಮರೆತುಹೋಗುವ ವಿಷಯ ಎಳೆಗಳ ದಿಕ್ಕು. ನಮಗೆ ಸಿಗುವ ಪ್ಲೇಟುಗಳಲ್ಲಿ ಸಾಮಾನ್ಯವಾಗಿ ಎಳೆಗಳು ಉದ್ದಕ್ಕೂ ಅಡ್ಡಕ್ಕೂ, ಎರಡೇ ದಿಕ್ಕಿನಲ್ಲಿ ಇರುತ್ತವೆ. ಬಿದಿರಿನ ದಬ್ಬೆಯಂತೆ ಇದಕ್ಕೂ ಬಲವೆಲ್ಲ ಎಳೆಯ ಉದ್ದಕ್ಕೆ. ನಾಲ್ಕೂ ತೋಳುಗಳಿರುವ ಎಕ್ಸ್ ಆಕಾರವನ್ನು ಪ್ಲೇಟಿನ ಅಂಚಿಗೆ ನೇರವಾಗಿಟ್ಟು ಒಂದೇ ತುಂಡಾಗಿ ಕತ್ತರಿಸಿದರೆ ಪ್ರತಿ ತೋಳಿನಲ್ಲೂ ಎಳೆಗಳು 45 ಡಿಗ್ರಿ ಓರೆಯಾಗಿ ನಿಲ್ಲುತ್ತವೆ. ಆಗ ಭಾರ ಹೊರುವುದು ಎಳೆಗಿಂತ ಹೆಚ್ಚಾಗಿ ಅವುಗಳ ನಡುವಿನ ಎಪಾಕ್ಸಿ ಅಂಟು. ತೋಳುಗಳನ್ನು ಬೇರೆಬೇರೆಯಾಗಿ, ಎಳೆಯ ಜಾಡಿನಲ್ಲೇ ಕತ್ತರಿಸಿ. ಮುರಿದದ್ದನ್ನು ಮಾತ್ರ ಬದಲಿಸಬಹುದು ಎಂಬುದು ಇದರಿಂದ ಸಿಗುವ ಇನ್ನೊಂದು ಲಾಭ.

ಈಗ ಯಂತ್ರ. 3018 ಎಂಬ ಹೆಸರಿನಲ್ಲಿ ಸಿಗುವ ಪುಟ್ಟ ಸಿಎನ್‌ಸಿ ರೂಟರ್‌ನ, ಅಂದರೆ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಯಂತ್ರದ, ಹಾಸು 300 ಮಿ.ಮೀ. ಉದ್ದ, 180 ಮಿ.ಮೀ. ಅಗಲ. ನಮ್ಮ ತೋಳುಗಳಿಗೆ ಅಷ್ಟು ಸಾಕು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದವರು ಇದನ್ನು ಯಂತ್ರವೆಂದು ಒಪ್ಪಲಾರರು. ಅವರ ಮಾತು ಸರಿಯೇ, ಇದರ ಮೈಯೇ ಬಗ್ಗುತ್ತದೆ. ಆದ್ದರಿಂದ ಒಂದೇ ಸಲಕ್ಕೆ ಆಳಕ್ಕಿಳಿಯದೆ ತೆಳುವಾಗಿ ಪದರ ಪದರವಾಗಿ ಕೊರೆಯಬೇಕು. ಬಿಟ್ ಕಾರ್ಬೈಡ್‌ನದ್ದೇ ಆಗಿರಲಿ, ಜೋಳದ ತೆನೆಯಂಥ ಹಲ್ಲುಗಳಿರುವುದು. ಹೈಸ್ಪೀಡ್ ಸ್ಟೀಲಿನ ಅಂಚನ್ನು ಕಾರ್ಬನ್ ಫೈಬರ್ ಬೇಗ ತಿಂದುಹಾಕುತ್ತದೆ.

ನಾನು ಹೆಚ್ಚು ಹೊತ್ತು ಮಾತನಾಡಬೇಕೆಂದು ಬಂದಿರುವುದು ಧೂಳಿನ ಬಗ್ಗೆ. ಕಾರ್ಬನ್ ಫೈಬರ್‌ನ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಕೇಡು. ಜೊತೆಗೆ ಅದು ವಿದ್ಯುತ್ ವಾಹಕ. ಪಕ್ಕದ ಮೇಜಿನ ಕಂಪ್ಯೂಟರ್‌ನೊಳಗೆ ಕುಳಿತರೆ ಶಾರ್ಟ್ ಸರ್ಕ್ಯೂಟ್ ಆಗಬಹುದು. ಮಲಗುವ ಕೋಣೆಯಲ್ಲಿ, ಮಕ್ಕಳು ಓಡಾಡುವ ಕಡೆ ಈ ಕೆಲಸ ಬೇಡವೇ ಬೇಡ. ಸುಲಭದ ದಾರಿ ನೀರು. ಯಂತ್ರದ ಹಾಸಿನ ಮೇಲೆ ಪ್ಲಾಸ್ಟಿಕ್ ತಟ್ಟೆಯಿಟ್ಟು, ಪ್ಲೇಟು ಮುಳುಗುವಷ್ಟೇ ನೀರು ತುಂಬಿ, ನೀರಿನೊಳಗೇ ಕತ್ತರಿಸಿ. ಧೂಳು ಏಳುವುದಿಲ್ಲ, ಬಿಟ್ ಕೂಡ ತಣ್ಣಗಿರುತ್ತದೆ. ಕೆಳಗೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಹಾಕಬೇಡಿ, ನೀರು ಕುಡಿದು ಉಬ್ಬುತ್ತದೆ, ಅಕ್ರಿಲಿಕ್ ಇರಲಿ. ಕೆಲಸ ಮುಗಿದ ಮೇಲೆ ಆ ಕಪ್ಪು ನೀರನ್ನು ಬಚ್ಚಲಿಗೆ ಚೆಲ್ಲದೆ ತಂಗಲು ಬಿಟ್ಟು, ತಳದ ಗಸಿಯನ್ನು ಒದ್ದೆಯಿರುವಾಗಲೇ ಚೀಲದಲ್ಲಿ ಕಟ್ಟಿ. ನೀರಿದ್ದರೂ ಎನ್95 ಮುಖಗವಸು ಮತ್ತು ಕನ್ನಡಕ ಇರಲೇಬೇಕು, ಏಕೆಂದರೆ ಆಮೇಲೆ ಅಂಚು ಉಜ್ಜುವ ಕೆಲಸ ಉಳಿದಿರುತ್ತದೆ. ಅದನ್ನೂ ಒದ್ದೆ ಉಪ್ಪುಕಾಗದದಿಂದಲೇ ಮಾಡಿ. ನುಣುಪಾದ ಅಂಚು ಬರೀ ಚೆಂದಕ್ಕಲ್ಲ, ಹರಿತವಾದ ಅಂಚು ಬ್ಯಾಟರಿಯ ಪಟ್ಟಿಯನ್ನೂ ತಂತಿಯ ಹೊದಿಕೆಯನ್ನೂ ಕೊಯ್ಯುತ್ತದೆ. ಉಜ್ಜಿದ ಅಂಚಿಗೆ ತೆಳ್ಳನೆಯ ಸೂಪರ್ ಗ್ಲೂ ಸವರಿದರೆ ಪದರಗಳು ಬಿಚ್ಚಿಕೊಳ್ಳುವುದು ಕಡಿಮೆಯಾಗುತ್ತದೆ.

ಪ್ಲೇಟನ್ನು ಅಲುಗದಂತೆ ಹಿಡಿಯುವುದು ಹೇಗೆ? ನೀರಿನಲ್ಲಿ ಅಂಟುಪಟ್ಟಿಯನ್ನು ನಂಬುವಂತಿಲ್ಲ. ಮೊದಲು ತೂತುಗಳನ್ನು ಕೊರೆಯಿರಿ, ಅವೇ ತೂತುಗಳ ಮೂಲಕ ಕೆಳಗಿನ ಅಕ್ರಿಲಿಕ್‌ಗೆ ಸ್ಕ್ರೂ ಬಿಗಿಯಿರಿ, ಆಮೇಲೆ ಹೊರ ಅಂಚನ್ನು ಬಿಡಿಸಿ. ಸ್ಕ್ರೂ ತಲೆಗೆ ಬಿಟ್ ತಾಗದ ಹಾಗೆ ಯಂತ್ರವನ್ನು ಎತ್ತರದಲ್ಲೇ ಓಡಾಡಿಸುವುದನ್ನು ಮಾತ್ರ ಮರೆಯಬಾರದು. ಮೋಟಾರ್‌ಗೆ ಸಾಮಾನ್ಯವಾಗಿ 16 ಮಿ.ಮೀ. ಅಂತರದ ಎಂ3 (3 ಮಿ.ಮೀ. ದಪ್ಪದ ಸ್ಕ್ರೂವಿನ) ತೂತುಗಳು, ಫ್ಲೈಟ್ ಕಂಟ್ರೋಲರ್‌ಗೆ 30.5 ಅಥವಾ 20 ಮಿ.ಮೀ. ಚೌಕ. ಎಂ3 ಸ್ಕ್ರೂ ಸಲೀಸಾಗಿ ಹೋಗಲು 3.2 ಮಿ.ಮೀ. ತೂತು ಸಾಕು. ತೋಳಿನ ದಪ್ಪ ಬದಲಿಸಿದರೆ ಮೋಟಾರ್ ಸ್ಕ್ರೂಗಳ ಉದ್ದವನ್ನೂ ಮತ್ತೆ ಅಳೆಯಿರಿ. ಉದ್ದವಾದ ಸ್ಕ್ರೂ ಒಳಗಿನ ತಾಮ್ರದ ಸುರುಳಿಗೆ ತಾಗಿದರೆ ಮೋಟಾರ್ ಸುಟ್ಟಂತೆಯೇ ಲೆಕ್ಕ.

ಅಲ್ಯೂಮಿನಿಯಂ ಕುರಿತು ಎರಡೇ ಮಾತು. ಕ್ಯಾಮೆರಾದ ಪಕ್ಕದ ಪಟ್ಟಿಗಳಿಗೆ, ಸಣ್ಣ ಬ್ರಾಕೆಟ್‌ಗಳಿಗೆ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹ ಚೆನ್ನಾಗಿದೆ. ಒಂದೇ ಹಲ್ಲಿನ ಬಿಟ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಾ ಪ್ರತಿ ಸುತ್ತಿಗೆ 0.02 ಮಿ.ಮೀ. ಕೊರೆಯಬೇಕಾದರೆ ನಿಮಿಷಕ್ಕೆ 200 ಮಿ.ಮೀ. ಸಾಗಬೇಕು. ಹೆದರಿ ಇನ್ನೂ ನಿಧಾನ ಮಾಡಿದರೆ ಬಿಟ್ ಲೋಹವನ್ನು ಕತ್ತರಿಸದೆ ಬರೀ ತಿಕ್ಕುತ್ತದೆ, ಬಿಸಿಯಾದ ಲೋಹ ಹಲ್ಲಿಗೆ ಅಂಟಿಕೊಂಡು ಬಿಟ್ ಮುರಿಯುತ್ತದೆ.

ಇನ್ನು ಕಂಪನ. 1750 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 1750 ಸುತ್ತು) ಮೋಟಾರ್‌ಗೆ ತುಂಬಿದ 4ಎಸ್, ಅಂದರೆ ನಾಲ್ಕು ಸೆಲ್‌ಗಳ, ಬ್ಯಾಟರಿಯ 16.8 ವೋಲ್ಟ್ ಕೊಟ್ಟರೆ, ಹೊರೆಯಿಲ್ಲದಾಗ ನಿಮಿಷಕ್ಕೆ 29,400 ಸುತ್ತು, ಸೆಕೆಂಡಿಗೆ 490. ತೋಳಿನ ಸಹಜ ಕಂಪನವೂ ಈ ವ್ಯಾಪ್ತಿಯೊಳಗೆ ಬಿದ್ದರೆ ಡ್ರೋನ್‌ನ ತಿರುಗುವಿಕೆಯನ್ನು ಅಳೆಯುವ ಗೈರೊ ಸಂವೇದಕ ಆ ನಡುಕವನ್ನೇ ಚಲನೆಯೆಂದು ತಿಳಿಯುತ್ತದೆ. ಅದನ್ನು ತಿದ್ದಲು ಹೋಗಿ ಮೋಟಾರ್‌ಗಳು ಬಿಸಿಯಾಗುತ್ತವೆ. ಫ್ಲೈಟ್ ಕಂಟ್ರೋಲರ್‌ನಲ್ಲಿ ಓಡುವ ಬೀಟಾಫ್ಲೈಟ್ ತಂತ್ರಾಂಶದ ಫಿಲ್ಟರ್‌ಗಳು ಇದನ್ನು ಸಾಕಷ್ಟು ಮುಚ್ಚಿಹಾಕುತ್ತವೆ. ಆದರೂ ಫಿಲ್ಟರ್ ಹೆಚ್ಚಿದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ. ಹೊಸ ತೋಳು ಹಾಕಿದ ಮೇಲೆ ಸ್ವಲ್ಪ ಹೊತ್ತು ಹಾರಿಸಿ, ಇಳಿಸಿ, ಮೋಟಾರ್‌ಗಳನ್ನು ಮುಟ್ಟಿ ನೋಡಿ. ತೋಳು ತೆಳುವಾದರೆ ನಡುಗುತ್ತದೆ, ದಪ್ಪವಾದರೆ ಪೆಟ್ಟನ್ನು ದಾಟಿಸುತ್ತದೆ. ಈ ಎರಡರ ನಡುವಿನ ಅಳತೆ ನಿಮ್ಮ ಬ್ಯಾಟರಿಯನ್ನೂ ನೀವು ಹಾರಿಸುವ ರೀತಿಯನ್ನೂ ಅವಲಂಬಿಸಿದೆ.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ದಾಟಿದರೆ ಮೈಕ್ರೊ ವರ್ಗ, ನಮ್ಮ ಐದು ಇಂಚಿನವು ಅಲ್ಲಿಗೇ ಸೇರುತ್ತವೆ. ಎಚ್‌ಎಎಲ್, ಜಕ್ಕೂರು, ಯಲಹಂಕಗಳಲ್ಲಿ ವಿಮಾನಗಳು ಏರಿ ಇಳಿಯುವ ಈ ಬೆಂಗಳೂರಿನಲ್ಲಿ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಲೇಬೇಡಿ.

ಈ ಮೇಜಿನ ಮೇಲೆ ಕೆಲವು ತೋಳುಗಳಿವೆ, ಹೆಚ್ಚಿನವು ಮುರಿದವು. ಓರೆ ಎಳೆಯದ್ದು ಯಾವುದು, ನೇರ ಎಳೆಯದ್ದು ಯಾವುದು ಎಂದು ಮುರಿದ ಬಾಯಿಯನ್ನು ನೋಡಿಯೇ ಹೇಳಬಹುದು. ಸಿಬಿರು ಏಳುತ್ತದೆ, ಆದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಪಕ್ಕದಲ್ಲೇ ಇದೆ. ಈಗ ಪ್ರಶ್ನೆಗಳನ್ನು ಕೇಳಿ.