ಒಂದೇ ವರ್ಷದ ಎರಡು ಬರ

ಎಲ್ಲರಿಗೂ ನಮಸ್ಕಾರ. ಪ್ರಜಾಪ್ರಭುತ್ವ ಇದ್ದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಹೇಳಿದ್ದು ನಿಮಗೆ ಗೊತ್ತೇ ಇದೆ. ನಾನು ಅದನ್ನು ಓದುವ ಮೊದಲೇ ಅಮ್ಮನ ಬಾಯಲ್ಲಿ ಕೇಳಿದ್ದೆ.

ಅಮ್ಮ ಅಕ್ಕಲಕೋಟೆ ಕಡೆಯವರು. ಸೊಲ್ಲಾಪುರ ಜಿಲ್ಲೆ, ಮನೆಮಾತು ಕನ್ನಡ. ಎಪ್ಪತ್ತೆರಡರ ಬರದಲ್ಲಿ ಕೆರೆ ಕೆಲಸಕ್ಕೆ ಮಣ್ಣು ಹೊತ್ತರು. ಆಗ ಅಮೆರಿಕದ ಕೆಂಪು ಜೋಳ ಹಂಚುತ್ತಿದ್ದರು, ಮೈಲೋ ಅಂತ. ರೊಟ್ಟಿ ತಟ್ಟಿದರೆ ಒಡೆಯುತ್ತಿತ್ತಂತೆ. ಬಿಳಿಜೋಳ ತಿಂದ ಬಾಯಿಗೆ ರುಚಿಸದಿದ್ದರೂ ಹೊಟ್ಟೆಗೆ ಬಿತ್ತು. ಒಂದು ವಾರ ಕನ್ನಡದ ಹೆಂಗಸರಿಗೆ ಎರಡು ದಿನದ ಹಾಜರಿ ಬಿಟ್ಟುಹೋಯಿತು. ಹಾಜರಿ ಪುಸ್ತಕ ಮರಾಠಿಯಲ್ಲಿತ್ತು, ಇವರಿಗೆ ಓದಲು ಬಾರದು. ಒಬ್ಬ ಮರಾಠಿ ಹುಡುಗಿ ಓದಿ ಹೇಳಿದಳು. ಮರುದಿನ ಯಾರೂ ಬುಟ್ಟಿ ಎತ್ತಲಿಲ್ಲ. ಎರಡೂ ಭಾಷೆಯ ಹೆಂಗಸರು ತಾಲ್ಲೂಕು ಕಚೇರಿಗೆ ನಡೆದು ಹೋಗಿ, ಆರಿಸಿ ಬಂದವರು ಬರುವ ತನಕ ಅಲ್ಲೇ ಕೂತರು. ಕೂಲಿ ಸಿಕ್ಕಿತು. ಆ ಹುಡುಗಿಯ ಹಸಿರು ಬಳೆ ಅಮ್ಮನಿಗೆ ಇನ್ನೂ ನೆನಪಿದೆ, ಹೆಸರು ಮರೆತಿದೆ.

1973ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಬರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿದರು. ಕೂಗು ಕೇಳಿಸಿತು, ಕೆಲಸ ಬಂತು.

ಅದೇ ಹೊತ್ತಿಗೆ ಇಥಿಯೋಪಿಯದ ವೊಲ್ಲೊ ಪ್ರಾಂತ್ಯದಲ್ಲೂ ಮಳೆ ಕೈಕೊಟ್ಟಿತು. ಬೆಳೆ ಹೋದವರ ಕೈಯಲ್ಲಿ ಕೊಳ್ಳಲು ಕಾಸಿರಲಿಲ್ಲ. ಇದ್ದ ಧಾನ್ಯವೂ ಕಾಸಿದ್ದ ಆಡಿಸ್ ಅಬಾಬಾ ಕಡೆಗೆ ಹೊರಟಿತು. ದನ ಸಾಕುವ ಅಫಾರ್ ಜನರ ಕಷ್ಟ ಇನ್ನೂ ಜಾಸ್ತಿ. ಅವಾಶ್ ನದಿ ದಂಡೆಯ ಅವರ ಹುಲ್ಲುಗಾವಲಿಗೆ ಹತ್ತಿ, ಕಬ್ಬಿನ ದೊಡ್ಡ ತೋಟಗಳು ಬಂದು ಕೂತಿದ್ದವು. ಅವರ ಭಾಷೆ ಬೇರೆ, ಅರಮನೆಯ ಭಾಷೆ ಅಮ್ಹಾರಿಕ್. ಸಂಸತ್ತು ಇತ್ತು, ಪಕ್ಷಗಳು ಇರಲಿಲ್ಲ. ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಸಾವುಗಳನ್ನು ಮುಚ್ಚಿಟ್ಟಿತು. ಹತ್ತಾರು ಸಾವಿರ ಜನ ಸತ್ತರು. ಅಲ್ಲಿಯೂ ಕೂಗಿದ್ದರು. ಕೇಳಿಸಿಕೊಳ್ಳಲೇಬೇಕಾದವರು ಯಾರೂ ಇರಲಿಲ್ಲ, ಅಷ್ಟೇ.

ಹಾಗಂತ ನಾವು ಗೆದ್ದೆವು ಅನ್ನಬೇಡಿ. ಬರದ ಕೂಗು ದೊಡ್ಡದು, ಪೇಪರಿಗೆ ಬರುತ್ತದೆ. ದಿನಾ ಅರೆಹೊಟ್ಟೆ ಮಲಗುವ ಮಗುವಿನದ್ದು ಯಾರಿಗೆ ಕೇಳುತ್ತದೆ? 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ಕ್ಕಿಂತ ಜಾಸ್ತಿ ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆದಿವಾಸಿ, ದಲಿತ ಮನೆಗಳಲ್ಲಿ ಇದು ಇನ್ನೂ ಹೆಚ್ಚು. 2001ರಲ್ಲಿ ಗೋದಾಮು ತುಂಬಿ ಧಾನ್ಯ ಕೊಳೆಯುತ್ತಿತ್ತು, ಹಳ್ಳಿಗಳಲ್ಲಿ ಹಸಿವಿತ್ತು. ಸುಪ್ರೀಂ ಕೋರ್ಟಿಗೆ ಹೋದ ಮೇಲೆಯೇ ಶಾಲೆಗಳಲ್ಲಿ ಬಿಸಿಯೂಟ ಕೊಡಲೇಬೇಕು ಎಂಬ ಆದೇಶ ಬಂದದ್ದು.

ಸಮಯ ಆಯಿತೆಂದು ಚೀಟಿ ಬಂತು, ಮುಗಿಸುತ್ತೇನೆ. 2013ರ ಆಹಾರ ಭದ್ರತಾ ಕಾಯ್ದೆಯ ಬಗ್ಗೆ ಒಂದೇ ಮಾತು. ಎಷ್ಟು ಜನರಿಗೆ ಧಾನ್ಯ ಎಂಬ ಲೆಕ್ಕವನ್ನು ಕಟ್ಟಿದ್ದು 2011ರ ಜನಗಣತಿಯ ಮೇಲೆ. ಆಮೇಲೆ ಹುಟ್ಟಿದ ಎಷ್ಟೋ ಮಕ್ಕಳು ಆ ಲೆಕ್ಕದಲ್ಲೇ ಇಲ್ಲ. ಇದೂ ಹಾಜರಿ ಪುಸ್ತಕವೇ ಅಲ್ವಾ? ನಿಮ್ಮ ಬೀದಿಯಲ್ಲಿ ಇಂಥ ಮನೆ ಇದ್ದರೆ, ಅವರ ಜೊತೆ ತಾಲ್ಲೂಕು ಕಚೇರಿಯ ತನಕ ನಡೆಯಿರಿ.