ಹಲ್ಲಿಗೆ ನೋವು, ಕೈಗೆ ಸೂಜಿ

ಕೇಳುಗರಿಗೆ ನಮಸ್ಕಾರ. ಇವತ್ತು ಅಕ್ಯುಪಂಕ್ಚರ್, ಅಂದರೆ ಚೀನೀ ಸೂಜಿ ಚಿಕಿತ್ಸೆಯ ಒಂದು ಬಿಂದುವಿನ ಮಾತು. ಕೈ ಬಿಡುವಾಗಿದ್ದರೆ ನಾನು ಹೇಳಿದಂತೆ ಮಾಡಿ. ಗಾಡಿ ಓಡಿಸುತ್ತಿರುವವರು ಸುಮ್ಮನೆ ಕೇಳಿ. ಬಸುರಿಯರೂ ಅಷ್ಟೇ, ಯಾಕೆಂದು ಆಮೇಲೆ ಹೇಳುತ್ತೇನೆ.

ಎಡಗೈ ಹೆಬ್ಬೆರಳನ್ನು ತೋರುಬೆರಳಿಗೆ ತಾಗಿಸಿ ಬಿಗಿಹಿಡಿಯಿರಿ. ಹಿಂಗೈಯಲ್ಲಿ, ಎರಡು ಬೆರಳ ನಡುವೆ ಮಾಂಸ ಉಬ್ಬುತ್ತದಲ್ಲ, ಆ ಜಾಗ ನೋಡಿಕೊಂಡು ಬೆರಳು ಸಡಿಲಿಸಿ. ಈಗ ಬಲಗೈ ಹೆಬ್ಬೆರಳಿನಿಂದ, ತೋರುಬೆರಳ ಮೂಳೆಯ ಕಡೆಗೆ ಅಲ್ಲಿ ಅದುಮಿ. ಜೋಮು ಬೆರೆತ ಒಂದು ಮಂದ ನೋವು, ಅಲ್ಲವೆ? ಅಲ್ಲಿ ಸೂಜಿ ಇಳಿಸಿದಾಗ ಆಗುವ ಇಂಥ ಅನುಭವಕ್ಕೆ ಚೀನೀ ವೈದ್ಯರು ‘ಛಿ ಬಂತು’ ಎನ್ನುತ್ತಾರೆ. ನಾವು ಮೂಗು ಮುರಿಯುತ್ತ ಹೇಳುವ ಛೀ ಅಲ್ಲ; ಅವರ ಛಿ ಎಂದರೆ ಮೈಯಲ್ಲಿ ಹರಿಯುವ ಪ್ರಾಣಶಕ್ತಿ.

ಆ ಜಾಗದ ಹೆಸರು ಹೆಗು, ‘ಕೂಡುಕಣಿವೆ’. ಎರಡು ಮೂಳೆಗಳು ಬೆಟ್ಟಗಳ ಹಾಗೆ ಬಂದು ಸೇರುವ ತಗ್ಗು. ಬೆರಳಗಲಿಸಿದಾಗ ಕಾಣುವ ಆ ಸಂದಿಗೆ ಅಲ್ಲಿನ ಜನ ‘ಹುಲಿಬಾಯಿ’ ಅಂತಲೂ ಅನ್ನುತ್ತಾರೆ. ನನಗೆ ಈ ಎರಡನೆಯ ಹೆಸರೇ ಇಷ್ಟ.

ತಲೆನೋವು, ಹಲ್ಲುನೋವು ಎಂದರೆ ಅವರು ಮೊದಲು ನೆನೆಯುವ ಬಿಂದುಗಳಲ್ಲಿ ಇದೊಂದು. ಹಲ್ಲಿಗೂ ಕೈಗೂ ಏನು ಸಂಬಂಧ? ಅವರ ಲೆಕ್ಕದಲ್ಲಿ ದೊಡ್ಡ ಕರುಳಿನ ನಾಡಿ, ಅಂದರೆ ಛಿ ಹರಿಯುವ ಒಂದು ದಾರಿ, ತೋರುಬೆರಳ ತುದಿಯಲ್ಲಿ ಹುಟ್ಟಿ, ತೋಳು ಹತ್ತಿ, ಕತ್ತು ದಾಟಿ, ಕೆಳಸಾಲಿನ ಹಲ್ಲುಗಳನ್ನು ಹೊಕ್ಕು, ಮೇಲ್ದುಟಿಯ ಮೇಲೆ ಬಲಎಡ ಅದಲುಬದಲಾಗಿ ಮೂಗಿನ ಪಕ್ಕ ಮುಗಿಯುತ್ತದೆ. ಅದರ 20 ಬಿಂದುಗಳಲ್ಲಿ ಹೆಗು 4ನೆಯದು. ನಾಡಿ ಹೀಗೆ ಅಡ್ಡ ಹಾಯುವುದರಿಂದಲೇ ಬಲಗಡೆಯ ಹಲ್ಲಿಗೆ ಎಡಗೈಗೆ ಸೂಜಿ ಹಾಕುವ ವೈದ್ಯರಿದ್ದಾರೆ.

ಕೊಯ್ದು ನೋಡಿದರೆ ಅಂಥ ನಾಡಿ ಕಣ್ಣಿಗೆ ಬೀಳುವುದಿಲ್ಲ. ಆದರೂ 1958ರಲ್ಲಿ ಶಾಂಘೈಯ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಮದ್ದು ಕೊಡದೆ, ಎರಡೂ ಕೈಗಳ ಹೆಗುವಿಗೆ ಸೂಜಿ ಹಾಕಿ ಟಾನ್ಸಿಲ್ ತೆಗೆದರು. ಮುಂದೆ ಬೀಜಿಂಗಿನಲ್ಲಿ ವಿಜ್ಞಾನಿ ಹಾನ್ ಜಿಶೆಂಗ್ ಅವರ ತಂಡ ಪರೀಕ್ಷೆಗಿಳಿಯಿತು. ಹೆಗುವಿನಲ್ಲಿ ಸೂಜಿ ಇದ್ದಾಗ ನೋವು ತಡೆಯುವ ಶಕ್ತಿ ಅರ್ಧ ಗಂಟೆಯ ಅವಧಿಯಲ್ಲಿ ಮೆಲ್ಲಗೆ ಏರಿತು. ಅದೇ ಜಾಗಕ್ಕೆ ಆಳವಾಗಿ ಪ್ರೋಕೇನ್ ಚುಚ್ಚಿ ನರಗಳನ್ನು ಮರಗಟ್ಟಿಸಿದಾಗ ಏನೂ ಏರಲಿಲ್ಲ. ಸುದ್ದಿ ಸಾಗಿಸುತ್ತಿದ್ದದ್ದು ನರ ಎಂದಾಯಿತು. 1977ರಲ್ಲಿ ಅಮೆರಿಕದಲ್ಲಿ ಹಲ್ಲಿನ ನೋವಿನ ಮೇಲೆಯೇ ಹೆಗುವನ್ನು ಪರೀಕ್ಷಿಸಿದರು. ನೋವು ತಗ್ಗಿತು, ಅಫೀಮಿನ ಕೆಲಸ ತಡೆಯುವ ನಲೋಕ್ಸೋನ್ ಕೊಟ್ಟಾಗ ಮತ್ತೆ ಮರಳಿತು. ಮೆದುಳೇ ತನ್ನ ಅಫೀಮನ್ನು ಸುರಿಸಿತ್ತು ಎಂದು ಅವರು ಅರ್ಥ ಮಾಡಿಕೊಂಡರು. ಆಮೇಲೆ ಬೇರೆಯವರು ಮಾಡಿದಾಗ ಅದೇ ಫಲ ಬರಲಿಲ್ಲ. ಹಾಗಾಗಿ ಈ ವ್ಯಾಜ್ಯ ಇನ್ನೂ ತೀರಿಲ್ಲ.

ಬಸುರಿಯರ ಮಾತು ಬಾಕಿ ಇತ್ತು. ಈ ಬಿಂದುವನ್ನು ಹೆರಿಗೆ ನೋವು ಬರಿಸಲು ಬಳಸುವ ರೂಢಿ ಚೀನಾದಲ್ಲಿದೆ. ಅದಕ್ಕೇ ಬಸುರಿಯರಿಗೆ ದಿನ ತುಂಬುವ ಮೊದಲು ಅಲ್ಲಿನ ವೈದ್ಯರು ಇದರ ಗೋಜಿಗೆ ಹೋಗುವುದಿಲ್ಲ. ಇನ್ನು ಹುಳುಕು ಹಲ್ಲಿನ ವಿಷಯ. ನೋವು ತಗ್ಗಿದರೂ ಹುಳುಕು ಅಲ್ಲೇ ಇರುತ್ತದೆ, ದಂತವೈದ್ಯರ ಕುರ್ಚಿ ತಪ್ಪಿದ್ದಲ್ಲ.

ಇನ್ನೂ ಅದುಮಿಕೊಂಡೇ ಕೂತವರು ಕೈ ಬಿಡಬಹುದು. ನಮಸ್ಕಾರ.