“ಇನ್ನೆಷ್ಟು ದಿನ, ಡಾಕ್ಟ್ರೇ?”

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಸಮಯ, ಆಳು ಸಿಗುವುದೇ ಕಷ್ಟ, ಅಂಥದ್ದರಲ್ಲಿ ಕೆಲಸ ಬಿಟ್ಟು ಗೋಣಿಕೊಪ್ಪಕ್ಕೆ ಬಂದಿದ್ದೀರಿ. ಜಾಸ್ತಿ ಎಳೆಯುವುದಿಲ್ಲ.

ನಾನು ಬಯಾಪ್ಸಿ ತುಣುಕು ನೋಡುವ ಡಾಕ್ಟರು. ರೋಗಿಗಳು ನನ್ನ ಮುಖ ನೋಡಿರುವುದಿಲ್ಲ, ಸಹಿ ನೋಡಿರುತ್ತಾರೆ ಅಷ್ಟೆ. ಆದರೂ ಸೋಮವಾರಪೇಟೆ ಕಡೆಯ ಒಬ್ಬ ಹಿರಿಯರು ಹುಡುಕಿಕೊಂಡು ಬಂದರು. ಶ್ವಾಸಕೋಶದ ಕ್ಯಾನ್ಸರ್. ರಕ್ತದ ರಿಪೋರ್ಟಿನಲ್ಲಿ ಸಿಇಎ 9, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. “ಇನ್ನೆಷ್ಟು ದಿನ, ಡಾಕ್ಟ್ರೇ?” ಅಂದರು.

ಸಿಇಎ ಒಂದು ಪ್ರೋಟೀನ್. 1965ರಲ್ಲಿ ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಕಂಡುಹಿಡಿದದ್ದು ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ. ಶ್ವಾಸಕೋಶದ ಕ್ಯಾನ್ಸರಿನಲ್ಲೂ ಏರುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಸ್ವಲ್ಪ ಏರಿರುತ್ತದೆ! ಇವರು ನಲವತ್ತು ವರ್ಷ ಬೀಡಿ ಸೇದಿದವರು. ಆ 9ರಲ್ಲಿ ಕ್ಯಾನ್ಸರಿನ ಪಾಲೆಷ್ಟು, ಬೀಡಿಯ ಪಾಲೆಷ್ಟು?

ಹೂಮಳೆ ಬಿದ್ದು ಹೂ ಅರಳಿದ ಮೇಲೆ ನೀವು ತೋಟ ಸುತ್ತಿ ಈ ಸಲ ಇಷ್ಟು ಮೂಟೆ ಅಂತೀರಿ, ಅಲ್ವಾ? ಆಮೇಲೆ ಬ್ಯಾಕಿಂಗ್ ಮಳೆ ಕೈಕೊಟ್ಟರೆ, ಇಲ್ಲವೇ ಮಳೆಗಾಲದಲ್ಲಿ ಕೊಳೆ ರೋಗ ಬಂದು ಕಾಯಿ ಉದುರಿದರೆ ಆ ಲೆಕ್ಕ ಹೋಯಿತು. ಸಿಇಎ, ಅದರಂಥದ್ದೇ ಇನ್ನೊಂದು ರಕ್ತಪರೀಕ್ಷೆ ಸೈಫ್ರಾ 21-1, ಎಲ್ಲ ಅಂಥ ಅಂದಾಜುಗಳು. ಅವು ಜಾಸ್ತಿ ಇದ್ದವರ ಗುಂಪು ಒಟ್ಟಾರೆ ಸ್ವಲ್ಪ ಬೇಗ ಸೋಲುತ್ತದೆ, ನಿಜ. ಆದರೆ ಎದುರು ಕೂತಿರುವವರು ಗುಂಪಲ್ಲ, ಒಬ್ಬ ಮನುಷ್ಯ.

ಇನ್ನೊಂದು ಬಗೆಯ ಪ್ರೋಟೀನ್ ಬೇರೆಯದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಯಾವ ಮದ್ದು ನಾಟುತ್ತದೆ? ಎಲೆ ತುಕ್ಕು ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಿ. ಕಾಂಡಕೊರಕಕ್ಕೆ ಅದನ್ನೇ ಡ್ರಮ್ಮುಗಟ್ಟಲೆ ಹೊಡೆದರೂ ಹುಳ ಕ್ಯಾರೇ ಅನ್ನುವುದಿಲ್ಲ. ಮೊದಲು ಗಿಡ ನೋಡಬೇಕು. ಪಿಡಿ-ಎಲ್1 ಪರೀಕ್ಷೆ ಅಂದರೆ ಹಾಗೆ ಗಿಡ ನೋಡುವುದು. ನಮ್ಮ ರಕ್ಷಣಾ ಕೋಶಗಳ ಮೇಲೆ ಪಿಡಿ-1 ಅಂತ ಒಂದು ಬ್ರೇಕ್ ಇದೆ. 1992ರಲ್ಲಿ ಜಪಾನಿನ ತಾಸುಕು ಹೊಂಜೊ ಅವರ ತಂಡ ಅದನ್ನು ಗುರುತಿಸಿತು, 2018ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರ್ ಕೋಶ ಪಿಡಿ-ಎಲ್1 ತೋರಿಸಿ ಆ ಬ್ರೇಕನ್ನು ಒತ್ತುತ್ತದೆ, ಇಮ್ಯುನೋಥೆರಪಿ ಮದ್ದು ಅದನ್ನು ಬಿಡಿಸುತ್ತದೆ. ಒಂದು ಮನೆಯವರು ‘ಪಿಡಿ-ಎಲ್1 ಶೇ. 80’ ಅಂತ ಓದಿ, ಕ್ಯಾನ್ಸರ್ ನೂರಕ್ಕೆ ಎಂಬತ್ತು ಹರಡಿದೆ ಅಂದುಕೊಂಡು ರಾತ್ರಿಯಿಡೀ ಅತ್ತಿದ್ದರು. ಅದು ನೂರಕ್ಕೆ ಎಂಬತ್ತು ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ತೋರಿಸುತ್ತಿವೆ, ಹಾಗಾಗಿ ಆ ಮದ್ದು ಹಿಡಿಯುವ ಸಾಧ್ಯತೆ ಜಾಸ್ತಿ ಅನ್ನುವ ಸುದ್ದಿ! ಎಲ್ಲರಿಗೂ ಹಿಡಿಯುತ್ತದೆ ಅಂತಲ್ಲ, ಶೇ. 50 ದಾಟಿದವರಲ್ಲೂ ಕೆಲವರಿಗೆ ಹಿಡಿಯುವುದಿಲ್ಲ.

ಮದ್ದು ಆರಿಸಲು ನೋಡುವ ಇನ್ನೊಂದು ಪ್ರೋಟೀನ್ ಎಎಲ್‌ಕೆ. ಶ್ವಾಸಕೋಶದಲ್ಲಿ ಇದರ ಪಾತ್ರ ಗೊತ್ತಾದದ್ದು 2007ರಲ್ಲಿ. ಸಿಗರೇಟು ಮುಟ್ಟದ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ ಕಾಣುತ್ತದೆ. ಇದ್ದರೆ ಮಾತ್ರೆಯೇ ಮದ್ದು.

ಈಗ ಒಂದು ಮುಜುಗರದ ಕಥೆ. ಶ್ವಾಸಕೋಶದ ಕ್ಯಾನ್ಸರಿನಲ್ಲೇ ಸಣ್ಣ ಕೋಶದ ಕ್ಯಾನ್ಸರ್ ಅಂತ ಒಂದು ಬಗೆ, ಅದಕ್ಕೆ ಎನ್‌ಎಸ್‌ಇ ಅನ್ನುವ ಪ್ರೋಟೀನಿನ ರಕ್ತಪರೀಕ್ಷೆ ಇದೆ. ವಿರಾಜಪೇಟೆಯಲ್ಲಿ ತೆಗೆದ ರಕ್ತ, ಸೀರಮ್ ಅಂದರೆ ಮೇಲಿನ ತಿಳಿಯನ್ನು ಬೇರೆ ಮಾಡದೆ, ಬಸ್ಸಿನಲ್ಲಿ ಕುಲುಕುತ್ತಾ ಮೈಸೂರಿಗೆ ಹೋಯಿತು. ಎನ್‌ಎಸ್‌ಇ ಸಿಕ್ಕಾಪಟ್ಟೆ ಬಂತು. ಕೆಂಪು ರಕ್ತಕಣದೊಳಗೂ ಆ ಪ್ರೋಟೀನ್ ಇರುತ್ತದೆ, ದಾರಿಯಲ್ಲಿ ಕಣ ಒಡೆದಿತ್ತು ಅಷ್ಟೆ. ನಾನೂ ಎರಡು ದಿನ ಆ ನಂಬರನ್ನು ನಂಬಿದ್ದೆ.

ದುಬಾರಿ ಪರೀಕ್ಷೆಗಳ ನಡುವೆ ಎರಡು ಅಗ್ಗದ್ದನ್ನು ಮರೆಯುತ್ತೇವೆ: ಉರಿಯೂತ ಇದ್ದಾಗ ಏರುವ ಸಿಆರ್‌ಪಿ ಮತ್ತು ಲಿವರ್ ಮಾಡುವ ಅಲ್ಬುಮಿನ್ ಅನ್ನುವ ಪ್ರೋಟೀನ್. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿ, ಅಲ್ಬುಮಿನ್ 100 ಮಿಲಿಲೀಟರಿಗೆ 3.5 ಗ್ರಾಂಗಿಂತ ಇಳಿದರೆ ದಾರಿ ಕಷ್ಟದ್ದು ಅಂತ ಗ್ಲಾಸ್ಗೋ ಸ್ಕೋರ್ ಅನ್ನುವ ಲೆಕ್ಕ ಹೇಳುತ್ತದೆ. ಜ್ವರ, ನ್ಯುಮೋನಿಯಾ ಇದ್ದಾಗ ಮಾಡಿಸಿದರೆ ಈ ಲೆಕ್ಕವೂ ದಾರಿ ತಪ್ಪುತ್ತದೆ. ಹಾಗಂತ ಸುಮ್ನೆ ದಿನಾ ಆರು ಮೊಟ್ಟೆ ತಿನ್ನಿಸಿ ಅಲ್ಬುಮಿನ್ ಏರಿಸಲು ಹೋಗಬೇಡಿ. ಮೈಯೊಳಗೆ ಉರಿಯೂತ ಇರುವಾಗ ಲಿವರ್ ಅದನ್ನು ಮಾಡುವುದನ್ನೇ ಕಡಿಮೆ ಮಾಡುತ್ತದೆ.

ಆ ಹಿರಿಯರಿಗೆ ನಾನು ದಿನ ಹೇಳಲಿಲ್ಲ. “ಮನೆಯಿಂದ ರಸ್ತೆಗೆ ಏರು ಹತ್ತುತ್ತೀರಾ?” ಅಂತ ಕೇಳಿದೆ. “ಹತ್ತದೆ? ದಿನಾ ಕಣಕ್ಕೆ ಹೋಗಿ ಕಾಫಿ ಹರಡಿ ಬರ್ತೀನಿ” ಅಂದರು. ಆ 9ಕ್ಕಿಂತ ಈ ಮಾತಿಗೆ ತೂಕ ಜಾಸ್ತಿ. ಪಿಡಿ-ಎಲ್1, ಎಎಲ್‌ಕೆ ಎರಡನ್ನೂ ಯಾರೂ ಮಾಡಿಸಿರಲಿಲ್ಲ, ತುಣುಕು ಮೈಸೂರಿನಲ್ಲೇ ಉಳಿದಿತ್ತು. ಚೀಟಿ ಬರೆದುಕೊಟ್ಟೆ. ಮರುದಿನ ಮಗ ಹೋಗಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲೇ ತಂದ. ಮೇಣಕ್ಕೆ ಬಸ್ಸಿನ ಕುಲುಕಾಟದ ಭಯ ಇಲ್ಲ ನೋಡಿ.